ಭಾವನ ತಲೆಗೆ ನಾಟಿ

ನಮ್ಮ ಭಾವನ ತಲೆಯಲ್ಲಿ ಏನೂ ಇಲ್ಲ! ಗಾಬರಿ ಬೇಡ, ನಾನು ಒಳಗಿನ ಮಾತು ಆಡುತ್ತಿಲ್ಲ. ಒಳಗೆ ಬೇಕಾದಷ್ಟಿದೆ. ಇಲ್ಲದಿದ್ದರೆ ರಬಾಳೆಯ ಕಾರ್ಖಾನೆಗಳ ನಡುವೆ ಇಪ್ಪತ್ತೆಂಟು ವರ್ಷ ಒಂದು ಶಾಕಾಹಾರಿ ಹೋಟೆಲು ನಡೆಸಲು ಸಾಧ್ಯವಿತ್ತೇ? ನಾನು ಹೇಳುತ್ತಿರುವುದು ಹೊರಗಿನ ಸಂಗತಿ. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಭಾವನ ಹಣೆಯ ಮೇಲೆ ಗುಂಗುರು ಕೂದಲಿನ ಒಂದು ಸುರುಳಿ ಇಳಿದಿದೆ. ಅಕ್ಕನ ಮೊದಲ ಬಾಣಂತನ ಮುಗಿಯುವಷ್ಟರಲ್ಲಿ ಹಣೆ ಎಲ್ಲಿಗೆ ಮುಗಿಯಿತು, ತಲೆ ಎಲ್ಲಿಂದ ಶುರುವಾಯಿತು ಎಂಬ ಗಡಿವಿವಾದ ಹುಟ್ಟಿಕೊಂಡಿತು. ನಮ್ಮ ಎರಡು ರಾಜ್ಯಗಳ ಗಡಿವಿವಾದ ಇನ್ನೂ ಮುಗಿದಿಲ್ಲ. ಭಾವನದು ಐದೇ ವರ್ಷದಲ್ಲಿ ಹಣೆಯ ಪರವಾಗಿ ಇತ್ಯರ್ಥವಾಯಿತು.

ಇದರಿಂದ ಅವರಿಗೆ ಬೇಸರವಿತ್ತೆಂದು ತಿಳಿಯಬೇಡಿ. ಆ ತಲೆ ಹೋಟೆಲಿನ ದೊಡ್ಡ ಆಸ್ತಿಯಾಗಿತ್ತು! ಕೂದಲು ಸಿಕ್ಕಿದ ಗಿರಾಕಿ ಯಾವನಾದರೂ "ಸೇಟ್, ಸಾಂಬಾರ್ ಮೇ ಬಾಲ್ ಹೈ!" ಎಂದು ಕೂಗಿದರೆ ಭಾವ ಗಲ್ಲಾ ಬಿಟ್ಟು ಎದ್ದು, ಆ ಟೇಬಲ್ಲಿಗೆ ಹೋಗಿ, ಬಗ್ಗಿ, ತಲೆಯನ್ನೇ ಸಾಕ್ಷಿಯಾಗಿ ಮುಂದೊಡ್ಡುತ್ತಿದ್ದರು. "ದೇಖೋ ಸಾಬ್, ಯಹಾಂ ಸೇ ಗಿರಾ ಕ್ಯಾ?" ಅಡುಗೆಯವರೆಲ್ಲರ ತಲೆಗೂ ಟೋಪಿ, ಸೇಟಿನ ತಲೆ ಬೋಳು. ಹೀಗಿರುವಾಗ ಕೂದಲು ಗಿರಾಕಿಯದೇ ಆಗಿರಬೇಕಲ್ಲವೇ? ಪಾಪದ ಗಿರಾಕಿ ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಸುಮ್ಮನೆ ಉಣ್ಣುತ್ತಿದ್ದ. ಒಮ್ಮೆ ಮಾತ್ರ ದೂರು ಕೊಟ್ಟವನೂ ಬೋಳುತಲೆಯವನೇ ಆಗಿಬಿಟ್ಟ! ಎರಡು ಬೋಳುತಲೆಗಳು ಎದುರುಬದುರು, ನಡುವೆ ಬಟ್ಟಲಲ್ಲಿ ವಾರಸುದಾರರಿಲ್ಲದ ಒಂದು ಕೂದಲು. ಕೊನೆಗೆ ಭಾವ ಅವನಿಗೆ ಒಂದು ಪ್ಲೇಟು ಶಿರಾ ತಿನ್ನಿಸಿ ರಾಜಿ ಮಾಡಿಕೊಂಡರು.

ಇಂಥ ಭಾವ ಹೋದ ವರ್ಷ ಗಣೇಶ ಚೌತಿ ಮುಗಿದ ವಾರ ಕಾಮೋಠೆಯ ತಮ್ಮ ಮನೆಯಲ್ಲಿ ಊಟದ ನಡುವೆ, "ನಾನು ತಲೆಗೆ ಕೂದಲು ನೆಡಿಸಿಕೊಳ್ತೇನೆ" ಎಂದುಬಿಟ್ಟರು. ಅಕ್ಕನ ಕೈಯಿಂದ ಸೌಟು ಜಾರಿತು.

"ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಇವರು ತಾವೇ ಮದುಮಗನಾಗಲು ಹೊರಟಿದ್ದಾರೆ!" ಎಂದಳು ಅಕ್ಕ. "ಪಪ್ಪಾ, ಆಪ್ ಭೀ ನಾ! ಇಸ್ ಉಮ್ರ್ ಮೇ?" ಎಂದಳು ಮಗಳು. ಹೋಟೆಲಿನ ಹಿರಿಯ ಅಡುಗೆಭಟ್ಟರು ಸೇಟಿಗೆ ಯಾರದೋ ದೃಷ್ಟಿ ತಾಗಿದೆ ಎಂದು ಮೆಣಸು ನಿವಾಳಿಸಿ ಒಲೆಗೆ ಹಾಕಿದರು; ಆ ದಿನ ಗಿರಾಕಿಗಳೆಲ್ಲ ಕೆಮ್ಮುತ್ತ ದೋಸೆ ತಿಂದರಂತೆ. ನನಗೆ ಮಾತ್ರ ಜಾಹೀರಾತುಗಳ ಮೇಲೆ ಅನುಮಾನ. ಥಾಣೆಯಿಂದ ಪನ್ವೇಲಿನವರೆಗೆ ಈಗ ಎಲ್ಲಿ ಕಣ್ಣು ಹಾಯಿಸಿದರೂ ಕೂದಲಿನದೇ ಬೋರ್ಡು. ಎಡಗಡೆ ಮೋರೆ ಇಳಿಬಿಟ್ಟ ಬೋಳು ಮನುಷ್ಯ, ಬಲಗಡೆ ಅವನೇ ಕೂದಲು ಬಂದು ನಗುತ್ತಿರುತ್ತಾನೆ. ಕೂದಲಿನ ಜೊತೆಗೆ ಅವನ ಮೈಬಣ್ಣ ತಿಳಿಯಾಗಿ, ಹಲ್ಲು ಸಾಲಾಗಿ, ಅಂಗಿಯೂ ಹೊಸದಾಗಿರುತ್ತದೆ! ತಲೆಗೆ ನೆಟ್ಟರೆ ಅಂಗಿಗೆ ಹೇಗೆ ಇಸ್ತ್ರಿ ಬೀಳುತ್ತದೆಯೋ ನಾನರಿಯೆ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ ಇರಬೇಕು.

ಅಕ್ಕ ಮುನಿಸಿಕೊಂಡು ಜೊತೆಗೆ ಬರುವುದಿಲ್ಲ ಎಂದಳು. ನಾನಿರುವುದು ಡೊಂಬಿವಿಲಿಯಲ್ಲಾದರೂ ನನ್ನ ಆಫೀಸು ಥಾಣೆಯಲ್ಲಿ. ಹಾಗಾಗಿ ಮಾಜಿವಾಡಾದ ಕ್ಲಿನಿಕ್ಕಿಗೆ ಭಾವನನ್ನು ಕರೆದೊಯ್ಯುವ ಕೆಲಸ ನಾದಿನಿಯಾದ ನನ್ನ ಪಾಲಿಗೆ ಬಂತು. ರಿಕ್ಷಾದಲ್ಲಿ ಕೂತೊಡನೆ ನಾನು ಶುರುಮಾಡಿದೆ.

"ನಿಜ ಹೇಳಿ ಭಾವ, ಯಾರವಳು?"

ಭಾವ ನಗಲಿಲ್ಲ. "ಅಮ್ಮ," ಎಂದರು. ಟ್ರಾಫಿಕ್ ಕಡೆಗೆ ಮುಖ ತಿರುಗಿಸಿ, "ಅಮ್ಮ ನನ್ನನ್ನು ಕಂಡು ಎದ್ದು ನಿಲ್ತಾಳೆ ಮಾರಾಯ್ತಿ," ಎಂದರು.

ಭಾವನ ಅಮ್ಮನಿಗೆ ಎಂಬತ್ತಮೂರು. ಕುಂದಾಪುರದ ಕಡೆಯವರು, ಈಗ ಮಗನ ಜೊತೆ ಕಾಮೋಠೆಯಲ್ಲಿ. ಎರಡು ವರ್ಷಗಳಿಂದ ಅವರ ನೆನಪು ಹಿಂದಕ್ಕೆ ನಡೆಯತೊಡಗಿತ್ತು. ಅದು ನಮಗೆಲ್ಲ ಗೊತ್ತಿತ್ತು. ದೂರವಿದ್ದ ನನಗೆ ಗೊತ್ತಿಲ್ಲದೆ ಇದ್ದದ್ದು ಏನೆಂದರೆ, ಅವರು ಭಾವನನ್ನು ತೀರಿಹೋದ ತಮ್ಮ ಗಂಡ ಎಂದೇ ತಿಳಿದುಬಿಟ್ಟಿದ್ದರು. ಭಾವನ ಅಪ್ಪಯ್ಯನದೂ ಇದೇ ಹೊಟ್ಟೆ, ಇದೇ ನಡಿಗೆ, ಇದೇ ನುಣುಪು ತಲೆ. ಅಮ್ಮನ ಮನಸ್ಸಿನಲ್ಲಿರುವ ಮಗನಿಗೋ ತಲೆತುಂಬ ಕೂದಲು, ವಯಸ್ಸು ಹದಿನಾರು! ಭಾವ ಹೋಟೆಲಿನಿಂದ ಬಂದರೆ ಮುದುಕಿ ಸೆರಗು ಸರಿಮಾಡಿಕೊಂಡು, ಮಂಡಿನೋವಿನಲ್ಲಿ ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲುತ್ತಿದ್ದರು. "ಹ್ವಾಯ್, ಈಗ ಬಂದ್ರ್ಯಾ? ಮಾಣಿ ಶಾಲಿಂದ ಬಂದ್ನಾ?" ಎಂದು ಕೇಳುತ್ತಿದ್ದರು. ಆ ಮಾಣಿಯೇ, ಆ ಮಗನೇ ಎದುರಿಗೆ ನಿಂತು, ಬಂದ, ಆಡಲು ಹೋಗಿದ್ದಾನೆ ಎಂದು ತನ್ನ ವರದಿ ತಾನೇ ಒಪ್ಪಿಸಬೇಕು!

ಜೊತೆಗೆ ಅಪ್ಪಯ್ಯ ಮಾಡಿದ ಪಾಪಗಳೆಲ್ಲ ಭಾವನ ಕೊರಳಿಗೆ. ಅಪ್ಪಯ್ಯನಿಗೆ ಯಕ್ಷಗಾನದ ಹುಚ್ಚು. "ನಿನ್ನೆ ಆಟಕ್ಕ್ ಹೋದ್ದ್ ನಂಗ್ ಗೊತ್ತಿಲ್ಲ ಅಂದ್ಕಂಡಿದ್ರ್ಯಾ?" ಎಂದು ಅಮ್ಮ ಗದರಿದರೆ, ಜೀವಮಾನದಲ್ಲಿ ಒಂದು ಪ್ರಸಂಗವನ್ನೂ ಪೂರ್ತಿ ನೋಡದ ಭಾವ ತಪ್ಪಾಯ್ತು ಎನ್ನಬೇಕು. ಒಮ್ಮೆ ಧೈರ್ಯಮಾಡಿ, "ಅಮ್ಮಾ, ನಾನು ನಿನ್ನ ಮಗ" ಎಂದರಂತೆ. ಅಮ್ಮ ಕಿವಿ ಮುಚ್ಚಿಕೊಂಡು, "ಹೆಂಡ್ತಿ ಹತ್ರ ಹೀಂಗೆಲ್ಲ ಮಾತಾಡೂದಾ!" ಎಂದು ಎರಡು ದಿನ ಮಾತು ಬಿಟ್ಟರಂತೆ.

ಇದೆಲ್ಲ ನಗುವ ಮಾತಾಯಿತು. ನಗಲಾಗದ್ದು ಬೇರೆ ಇತ್ತು. ಗಂಡ ಉಣ್ಣುವ ಮೊದಲು ತಾನು ಉಣ್ಣಬಾರದು ಎಂದು ಅಮ್ಮ ಮಧ್ಯಾಹ್ನ ತಟ್ಟೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಭಾವ ದಿನವೂ ಹೋಟೆಲಿನ ಊಟದ ಗದ್ದಲದ ಹೊತ್ತಿಗೇ ರಬಾಳೆಯಲ್ಲಿ ಪನ್ವೇಲ್ ಲೋಕಲ್ ಹಿಡಿದು ಮನೆಗೆ ಓಡುತ್ತಿದ್ದರು. ಅವರು ಎರಡು ತುತ್ತು ಉಂಡದ್ದನ್ನು ಕಂಡ ಮೇಲೆಯೇ ಅಮ್ಮನ ಊಟ. ಟ್ರೇನು ತಡವಾದರೆ ಅಮ್ಮನಿಗೆ ಉಪವಾಸ. ಹೊರಗಿನ ನಾವೋ, ಹೋಟೆಲಿನವನಿಗೆ ಮನೆ ಊಟದ ಚಪಲ ಎಂದು ಅವರನ್ನು ಗೇಲಿಮಾಡುತ್ತಿದ್ದೆವು.

"ಎಲ್ಲರೂ ನನಗೆ ನೀವು ಅಂತಾರೆ," ಎಂದರು ಭಾವ. "ನಿನ್ನ ಅಕ್ಕ ಇವರೇ ಅಂತಾಳೆ, ಕೆಲಸದವರು ಸೇಟ್ ಅಂತಾರೆ, ಮಕ್ಕಳು ಆಪ್ ಅಂತಾವೆ. ನೀನು ಅನ್ಲಿಕ್ಕೆ ಇದ್ದದ್ದು ಅವಳೊಬ್ಬಳು. ಈಗ ಅವಳೂ ನೀವು ಅಂತಾಳೆ. ನಾನು ಎಲ್ಲಿಗೆ ಹೋಗುದು?"

ಆಮೇಲೆ ನನಗೆ ವಿಗ್ಗಿನ ವಿಷಯ ನೆನಪಾಯಿತು. ಆರು ತಿಂಗಳ ಹಿಂದೆ ಭಾವ ಡೊಂಬಿವಿಲಿಗೆ ಬಂದು, ನಮ್ಮ ಕನ್ನಡ ಸಂಘದ ನಾಟಕಕ್ಕೆ ತರಿಸಿದ್ದ ವಿಗ್ಗನ್ನು ಕಾರಣ ಹೇಳದೆ ಒಯ್ದಿದ್ದರು. "ಅದನ್ನು ಹಾಕಿಕೊಂಡು ಹೋದಿರಾ?" ಎಂದು ಕೇಳಿದೆ. ಹೋಗಿದ್ದರಂತೆ. ಅಮ್ಮ ಮೇಲಿಂದ ಕೆಳಗೆ ನೋಡಿ, "ಈಗ ವೇಷವೂ ಕಟ್ಟೂಕ್ ಶುರು ಮಾಡಿದ್ರ್ಯಾ?" ಎಂದು ಅತ್ತರಂತೆ.

ಕ್ಲಿನಿಕ್ಕಿನ ಹುಡುಗಿ ನಮ್ಮನ್ನು ಮದುವೆಮನೆಯವರಂತೆ ಬರಮಾಡಿಕೊಂಡಳು. ಭಾವನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಹಿಂದಲೆಯನ್ನು ಬೆಳಕಿಗೆ ಹಿಡಿದು, "ವಾಹ್ ಸರ್, ಆಪ್ಕಾ ಡೋನರ್ ಏರಿಯಾ ತೋ ಮಸ್ತ್ ಹೈ!" ಎಂದಳು. ಹಿಂದೆ ಕಿವಿಯಿಂದ ಕಿವಿಗೆ ಉಳಿದಿರುವ ಕೂದಲನ್ನು ಬೇರುಸಹಿತ ಕಿತ್ತು ಮುಂದೆ ನೆಡುತ್ತಾರೆ, ಆದ್ದರಿಂದ ಹಿಂಭಾಗವೇ ದಾನಿ. ಇಷ್ಟು ವರ್ಷದಲ್ಲಿ ಯಾರೂ ಭಾವನ ಹಿಂಭಾಗವನ್ನು ಹೊಗಳಿರಲಿಲ್ಲ. ಅವರ ಮುಖ ಅರಳಿತು. ಒಂದೊಂದು ಬೇರಿಗೂ ಗ್ರಾಫ್ಟ್ ಎಂದು ಹೆಸರು, ಭಾವನಿಗೆ ಎರಡು ಸಾವಿರದ ಚಿಲ್ಲರೆ ಬೇಕು ಎಂದಳು. "ಎಕ್ಸ್‌ಟ್ರಾ ಕೇಳಿದರೆ ಹಾಕ್ತಾರಾ? ನಾವು ಸಾಂಬಾರ್ ಹಾಕುದಿಲ್ವಾ?" ಎಂದು ಭಾವ ನನ್ನ ಕಿವಿಯಲ್ಲಿ ಕೇಳಿದರು.

ಆಮೇಲೆ ಡಾಕ್ಟರು ಬಂದು ಯಾವ ಥರದ ಹೇರ್‌ಲೈನ್ ಬೇಕು ಎಂದು ವಿಚಾರಿಸಿದರು. ಬೇರೆಯವರು ಇಂಥಲ್ಲಿ ಸಿನಿಮಾ ನಟರ ಫೋಟೋ ತೋರಿಸುತ್ತಾರಂತೆ. ಭಾವ ಕಿಸೆಯಿಂದ ತಮ್ಮದೇ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ ತೆಗೆದರು! ಅಂಚು ಹರಿದ ಕಪ್ಪುಬಿಳುಪು ಫೋಟೋ, ಅರ್ಧ ಕೂದಲಿನ ಮೇಲೆ ಶಾಲೆಯ ಮೊಹರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸರ್, ಯೇ ಹೇರ್‌ಲೈನ್ ಫಿಫ್ಟಿಫೋರ್ ಮೇ ಸೂಟ್ ನಹೀ ಹೋಗಾ."

"ಮೇರೇಕೋ ಸೂಟ್ ನಹೀ ಹೋನೇಕಾ. ಮಾ ಕೋ ಹೋನೇಕಾ," ಎಂದರು ಭಾವ.

ಫಾರ್ಮಿನಲ್ಲಿ ಕಾರಣ ಎಂಬ ಕಾಲಮ್ಮು ಇತ್ತು. ಮದುವೆ, ನೌಕರಿ, ಆತ್ಮವಿಶ್ವಾಸ, ಇಷ್ಟೇ ಆಯ್ಕೆ. ಅಮ್ಮ ಎಂಬ ಆಯ್ಕೆಯೇ ಇಲ್ಲ! ಹುಡುಗಿ ತುಸು ಯೋಚಿಸಿ, ನನ್ನ ಮುಖವನ್ನೊಮ್ಮೆ ನೋಡಿ, ಮದುವೆಗೆ ಟಿಕ್ ಹಾಕಿದಳು. ಕೂದಲು ಪೂರ್ತಿ ಕಾಣಿಸಲು ಹತ್ತು ಹನ್ನೆರಡು ತಿಂಗಳು ಬೇಕು ಎಂದು ಡಾಕ್ಟರು ಹೇಳಿದಾಗ ಭಾವನ ಮುಖ ಬಾಡಿತು. ಅಷ್ಟು ಹೊತ್ತಿಗೆ ಅಮ್ಮನಲ್ಲಿ ಮಗನ ನೆನಪಾದರೂ ಉಳಿದಿರುತ್ತದೆಯೇ? "ಜಲ್ದಿ ವಾಲಾ ಕುಛ್ ನಹೀ ಹೈ ಕ್ಯಾ?" ಎಂದು ಕೇಳಿದರು. ಇಲ್ಲವಂತೆ. ಅಂದು ಸಂಜೆ ನಾನು ಅಕ್ಕನಿಗೆ ಈ ನಾಟಿ ಅಮ್ಮನಿಗಾಗಿ ಎಂದು ಹೇಳಿದೆ. ಅವಳು ಮದುಮಗನ ಮಾತು ಮತ್ತೆ ಎತ್ತಲಿಲ್ಲ.

ದೀಪಾವಳಿ ಕಳೆದು ನಾಟಿಯ ದಿನ ಬಂತು. ಮೊದಲು ಇದ್ದಬದ್ದ ಕೂದಲನ್ನೂ ನುಣ್ಣಗೆ ಬೋಳಿಸಿದರು. ಬೋಳಿಸುವುದರಲ್ಲಿ ಈ ಊರಿನವರು ಎಲ್ಲರಿಗಿಂತ ಮುಂದು ಬಿಡಿ! ಆಮೇಲೆ ತಲೆಗೆ ಸೂಜಿಗಳು. ಮರಗಟ್ಟುವವರೆಗೆ ಭಾವ ಕುಲದೇವರಿಂದ ಹಿಡಿದು ರೈಲ್ವೆ ಅನೌನ್ಸ್‌ಮೆಂಟಿನವರೆಗೆ ಬಾಯಿಗೆ ಬಂದದ್ದನ್ನೆಲ್ಲ ಜಪಿಸಿದರಂತೆ. ಬೆಳಿಗ್ಗೆಯೆಲ್ಲ ಬೋರಲು ಮಲಗಿಸಿ ಕೀಳುವುದು, ಮಧ್ಯಾಹ್ನದ ಮೇಲೆ ಅಂಗಾತ ಮಲಗಿಸಿ ನೆಡುವುದು. ಡಾಕ್ಟರು ಆಗಾಗ ಬಂದು ಗದ್ದೆಯ ಯಜಮಾನರಂತೆ ನೋಡಿ ಹೋಗುತ್ತಿದ್ದರು. ನೆಡುವವರು ಮೂವರು ಟೆಕ್ನಿಷಿಯನ್ನರು. ಅವರು ಭಾವನ ತಲೆಯ ಮೇಲೆಯೇ ಬದಲಾಪುರದ ಫ್ಲ್ಯಾಟುಗಳ ವಿಷಯ ಚರ್ಚಿಸುತ್ತ ಕೆಲಸ ಮಾಡಿದರು.

ನಡುವೆ ಊಟದ ಬಿಡುವು. ಹೊರಗಿನಿಂದ ತರಿಸಿದ ಇಡ್ಲಿ ಸಾಂಬಾರ್ ಬಂತು. ತಲೆಗೆ ಪಟ್ಟಿ ಸುತ್ತಿಕೊಂಡ ಭಾವ ಒಂದು ಚಮಚ ಬಾಯಿಗಿಟ್ಟು, "ಬೆಲ್ಲ ಜಾಸ್ತಿ" ಎಂದರು. ಎರಡನೆಯ ಚಮಚದಲ್ಲಿ ಕೈ ನಿಂತಿತು. ಸಾಂಬಾರಿನಲ್ಲಿ ಒಂದು ಕೂದಲು! ಜೀವಮಾನವೆಲ್ಲ ಪ್ರತಿವಾದಿಯಾಗಿದ್ದ ಮನುಷ್ಯ ಕೊನೆಗೂ ಫಿರ್ಯಾದಿಯಾದ ಗಳಿಗೆ. ಭಾವ ಅದನ್ನು ಮೆಲ್ಲಗೆ ಎತ್ತಿ ಟೆಕ್ನಿಷಿಯನ್ನನ ಮುಂದೆ ಹಿಡಿದರು. "ಯೇ ಭೀ ಲಗಾ ದೋ ಭಾಯ್. ವೇಸ್ಟ್ ಮತ್ ಕರೋ."

ಮನೆಗೆ ಬಂದ ಮೇಲೆ ನಿಯಮಗಳು. ಬಗ್ಗಬಾರದು, ತಲೆ ಕೆರೆಯಬಾರದು, ಒರಗಿಯೇ ನಿದ್ದೆ ಮಾಡಬೇಕು, ಬಿಸಿಲು ತಾಗಬಾರದು, ಯಾರೂ ತಲೆ ಮುಟ್ಟಬಾರದು. ಲೋಕಲ್ಲಿನಲ್ಲಿ ಓಡಾಡುವವನ ತಲೆಯನ್ನು ಯಾರೂ ಮುಟ್ಟದಿರುವುದು ಸಾಧ್ಯವೇ? ಹತ್ತು ದಿನ ಹೋಟೆಲನ್ನು ಭಟ್ಟರಿಗೆ ಒಪ್ಪಿಸಿ ಭಾವ ಮನೆಯಲ್ಲಿ ಕೂತರು. ಅಮ್ಮನ ಊಟವಾದರೂ ಹೊತ್ತಿಗೆ ಸರಿಯಾಗಿ ಆಯಿತು. ಮೂರನೆಯ ದಿನ ಊತ ಹಣೆಯಿಂದ ಕಣ್ಣಿಗಿಳಿದು ಭಾವನ ಮೋರೆ ಕುಂಬಳಕಾಯಿಯಾಯಿತು. ಅಮ್ಮ ಕಂಡು, "ಇವತ್ತ್ ರಾಕ್ಷಸನ ವೇಷವಾ?" ಎಂದರು. ಗಂಡ ಮೇಳ ಸೇರಿಯೇಬಿಟ್ಟ ಎಂಬುದು ಅವರಿಗೆ ಖಾತ್ರಿಯಾಯಿತು.

ಆದರೆ ಒಂದನ್ನು ನಾವು ಯಾರೂ ಯೋಚಿಸಿರಲಿಲ್ಲ, ಆ ಕ್ಲಿನಿಕ್ಕಿನ ಫಾರ್ಮೂ ಹೇಳಿರಲಿಲ್ಲ. ನಮ್ಮವರಲ್ಲಿ ಗಂಡಸು ತಲೆ ಬೋಳಿಸಿಕೊಂಡು ಮನೆಯಲ್ಲಿ ಕೂತರೆ ಅದಕ್ಕೆ ಅರ್ಥ ಒಂದೇ! ತರಕಾರಿಗೆಂದು ಕೆಳಗಿಳಿದ ಭಾವನನ್ನು ಊರ ಕಡೆಯವರು ಯಾರೋ ದೂರದಿಂದ ಕಂಡರು. ಮನೆಯಲ್ಲಿ ಎಂಬತ್ತಮೂರರ ತಾಯಿ, ಮಗನ ತಲೆ ಬೋಳು. ಇನ್ನೇನು ಕೇಳುವುದಿದೆ? ಸುದ್ದಿ ಸಂಜೆಯೊಳಗೆ ಕಾಮೋಠೆಯಿಂದ ಕಲ್ಯಾಣಕ್ಕೆ ತಲುಪಿತು. ಮರುದಿನ ಕಲ್ಯಾಣದಿಂದ ದೂರದ ನೆಂಟರೊಬ್ಬರು ಬಿಳಿ ಅಂಗಿ ತೊಟ್ಟು ಬಂದರು. ಬಾಗಿಲು ತೆರೆದ ಭಾವನ ಎರಡೂ ಕೈ ಹಿಡಿದು, "ಪುಣ್ಯವಂತೆ ಮಾರಾಯ್ರೆ, ನರಳದೆ ಹೋದರು," ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಗೋಡೆ ಹಿಡಿದುಕೊಂಡು ಅಮ್ಮ ಬಂದು, "ಯಾರ್ ಹೋದ್ದ್?" ಎಂದು ಕೇಳಿದರು. ನೆಂಟರು ಸೋಫಾದ ಮೇಲೆ ಕುಸಿದರು! ಅಮ್ಮನೇ ಅವರನ್ನು ಸಮಾಧಾನಮಾಡಿ, "ದುಃಖ ಮಾಡ್ಬೇಡಿ, ಬಂದವ್ರೆಲ್ಲ ಹೋಪವ್ರೇ" ಎಂದು ಕಾಫಿ ಕೊಡಿಸಿ ಕಳಿಸಿದರು.

ನಾನು ಈ ಕತೆಯನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ನಕ್ಕೆ. ಭಾವ ನಗಲಿಲ್ಲ. ಬಂದ ಫೋನುಗಳಿಗೆಲ್ಲ "ಅಮ್ಮ ಇದ್ದಾಳೆ! ಉಂಡು ಕೂತಿದ್ದಾಳೆ!" ಎಂದು ಕಿರಿಚಿ ಉತ್ತರಿಸಿದರು.

ಮೂರು ವಾರ ಕಳೆದದ್ದೇ ನೆಟ್ಟ ಕೂದಲು ಉದುರತೊಡಗಿತು. ಭಾವ ದಿಂಬಿನ ಮೇಲೆ ಬಿದ್ದದ್ದನ್ನೆಲ್ಲ ಆರಿಸಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿಕೊಂಡು, ನನ್ನನ್ನೂ ಎಳೆದುಕೊಂಡು ಮಾಜಿವಾಡಾಕ್ಕೆ ಹೋದರು. ಹುಡುಗಿ ಡಬ್ಬಿಯೊಳಗೆ ಇಣುಕಿ, "ನಾರ್ಮಲ್ ಹೈ ಸರ್. ಬಾಲ್ ಗಿರತಾ ಹೈ, ಜಡ್ ರಹತಾ ಹೈ," ಎಂದಳು. ಕೂದಲು ಉದುರುತ್ತದೆ, ಬೇರು ಉಳಿಯುತ್ತದೆ! ಕೂದಲು ತರಿಸಲು ಹೋದವನಿಗೆ ಉದುರುವುದೇ ಪ್ರಗತಿ ಎಂದು ಹೇಳುವ ವಿದ್ಯೆಯನ್ನು ರಾಜಕಾರಣಿಗಳೂ ಕಲಿತಿರಲಿಕ್ಕಿಲ್ಲ. ಭಾವನಿಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಅಮ್ಮನ ಎದುರು ಕೂತು, ತಾಳಲಾರದೆ, "ನೆಟ್ಟದ್ದೆಲ್ಲ ಬಾಡಿ ಹೋಯಿತು" ಎಂದರು. ಅಮ್ಮ ಗದ್ದೆಗೆ ನೆಟ್ಟ ಭತ್ತದ ಸಸಿಯ ಮಾತೆಂದು ತಿಳಿದರು. "ನೇಜಿ ನೆಟ್ಟ ಮೇಲೆ ಒಂದ್ ಸಲ ಬಾಡೂದೇ ಅಲ್ದಾ? ಬೇರ್ ಹಿಡೀಲಿ. ಗಡಿಬಿಡಿ ಮಾಡ್ಬೇಡಿ," ಎಂದರು. ಡಾಕ್ಟರನ್ನು ನಂಬದ ಭಾವ ಅಮ್ಮನನ್ನು ನಂಬಿದರು.

ಹೋಳಿಯ ಹೊತ್ತಿಗೆ ಮೊಳಕೆ ಕಾಣಿಸಿತು. ಮಳೆಗಾಲಕ್ಕೆ ಬಾಚಣಿಗೆ ಓಡಾಡುವಷ್ಟಾಯಿತು. ಅಷ್ಟರಲ್ಲಿ ಅಮ್ಮ ಸೋತುಹೋಗಿದ್ದರು. ಎದ್ದು ನಿಲ್ಲಲು ಈಗ ಅಕ್ಕನ ಹೆಗಲು ಬೇಕು, ಆದರೂ ನಿಲ್ಲುತ್ತಿದ್ದರು. ಭಾವ ಒಂದು ಎಳೆಯನ್ನೂ ಕತ್ತರಿಸಗೊಡಲಿಲ್ಲ. ಕೂದಲು ಕಿವಿ ಮುಚ್ಚಿತು, ಕುತ್ತಿಗೆಗೆ ಇಳಿಯಿತು. ಹಣೆಯ ಮೇಲೆ ಹಳೆಯ ಸುರುಳಿಯೂ ಬಂತು. ಹೋಟೆಲಿನಲ್ಲಿ ಭಟ್ಟರು ಈಗ ಸೇಟಿಗೂ ಟೋಪಿ ಹಾಕಿಸಿದ್ದರು.

ಶ್ರಾವಣದ ಒಂದು ಭಾನುವಾರ ನಾನು ಕಾಮೋಠೆಯಲ್ಲಿದ್ದೆ. ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ಅಕ್ಕ ಎಂದಿನಂತೆ ಅಮ್ಮನನ್ನು ಎಬ್ಬಿಸಲು ಹೆಗಲು ಕೊಟ್ಟಳು. ಅಮ್ಮ ಏಳಲಿಲ್ಲ. ಭಾವ ಒಂದು ಚಪ್ಪಲಿ ಬಿಚ್ಚಿ, ಒಂದನ್ನು ಬಿಚ್ಚದೆ ಹೊಸ್ತಿಲಲ್ಲಿಯೇ ನಿಂತರು. ಅಮ್ಮ ಅವರನ್ನೇ ನೋಡಿದರು. ತುಂಬ ಹೊತ್ತು ನೋಡಿದರು.

"ಎಂತದಾ ಮಾಣಿ ಇದ್!" ಎಂದು ಗದರಿತು ಅಮ್ಮನ ಸ್ವರ. "ಪುಂಡ್ರ ಹಾಂಗೆ ಕೂದ್ಲ್ ಬಿಟ್ಕಂಡ್ ತಿರ್ಗ್ತಿದ್ಯಲಾ! ಅಪ್ಪಯ್ಯ ಕಂಡ್ರೆ ಸುಮ್ನೆ ಬಿಡ್ತ್ರಾ? ಅವ್ರ್ ಬಪ್ಪುದ್ರೊಳ್ಗೆ ಹೋಯಿ ತೆಗ್ಸ್ಕಂಡ್ ಬಾ!"

ಭಾವ ಚಪ್ಪಲಿಗೆ ಮತ್ತೆ ಕಾಲು ತೂರಿಸಿದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಇವರೇ! ಒಂದು ವರ್ಷ ಕಷ್ಟಪಟ್ಟದ್ದು. ಕತ್ತರಿಸಿಕೊಂಡು ಬಂದರೆ ನಾಳೆ ಮತ್ತೆ ಗುರುತು ಸಿಕ್ಕದಿದ್ದರೆ?"

ಒಂದು ವರ್ಷ ಆ ತಲೆಯನ್ನು ಗೇಲಿಮಾಡಿ ನಕ್ಕ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಭಾವನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

"ನೀನು ಕೇಳ್ಲಿಲ್ವಾ?" ಎಂದರು ಅಕ್ಕನಿಗೆ. "ಬಾ ಅಂದ್ಲು. ಬನ್ನಿ ಅನ್ಲಿಲ್ಲ."

ಲಿಫ್ಟಿಗೂ ಕಾಯದೆ ನಾಲ್ಕನೇ ಮಹಡಿಯಿಂದ ಮೆಟ್ಟಿಲಿಳಿದು ಸಲೂನಿಗೆ ಓಡಿದರು.